ಹತ್ತು ಮಾರು ದೂರದ ಮದ್ದು

"ಏಳೋ ಬೇವರ್ಸಿ! ಹುಳ ಕಚ್ಚಿತಂತೆ ಹುಳ! ಹಂಚು ಹೊರಲಿಕ್ಕೆ ಆಗುವುದಿಲ್ಲ, ಗಂಜಿ ಕುಡಿಯಲಿಕ್ಕೆ ಮಾತ್ರ ಒಂದು ಕೊಡಪಾನ ಬೇಕು!"

ಮುಂಡಪ್ಪ ಧಣಿಗಳು ಜಗಲಿಯ ಮೇಲಿಂದ ಬೊಗಳುತ್ತಿದ್ದರು. ಅಂಗಳದ ತುದಿಯಲ್ಲಿ ಅವರ ಆಳು ತುಕ್ರಪ್ಪ ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡುತ್ತಿದ್ದ. ಅವನ ಹೆಂಡತಿ ಸೇಸಮ್ಮ ಬೆನ್ನು ತಿಕ್ಕುತ್ತಾ ಧಣಿಗಳ ಬಾಯಿಂದ ಸಿಡಿಯುವ ಎಲೆಯಡಿಕೆಯ ಎಂಜಲು ನೋಡುತ್ತಿದ್ದಳು. ಥೂ! ಗಂಡನ ವಾಂತಿಗಿಂತ ಆ ಎಂಜಲೇ ಅವಳಿಗೆ ಹೆಚ್ಚು ಹೇಸಿಗೆಯಾಯಿತು.

ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಾತು. ಮಳೆ ಹಿಡಿಯುವ ಮೊದಲು ಧಣಿಗಳ ಹೊಸ ದನದ ಹಟ್ಟಿಯ ಮಾಡಿಗೆ ಹಂಚು ಹೊದಿಸಬೇಕಿತ್ತು. ನಾಲ್ಕು ವರ್ಷ ಹಿತ್ತಿಲಲ್ಲಿ ಅಟ್ಟಿ ಹಾಕಿಟ್ಟ ಹಂಚು. ಅದರ ಸಂದಿಗೆ ಕೈ ಹಾಕುವ ಕೆಲಸ ಇನ್ಯಾರದು? ಮೊನ್ನೆ ತುಕ್ರಪ್ಪನ ಮುಂಗೈ ಚುರುಕ್ಕೆಂದಿತ್ತು. ಕೊಡವಿದರೆ ಕಂದು ಬಣ್ಣದ ಜೇಡ ಬಿತ್ತು. ಜೇಡ ತಾನೇ ಎಂದು ತಲೆಗೆ ಹಾಕಿಕೊಳ್ಳದೆ ಸಂಜೆಯವರೆಗೆ ಹೊತ್ತ. ರಾತ್ರಿ ಕೈ ಬಾತಾಗ ಅಕ್ಕಪಕ್ಕದವರು ಮೊಣಕೈಗೆ ಹಗ್ಗ ಬಿಗಿದು ಸುಣ್ಣ ಮೆತ್ತಿದರು.

ಇವತ್ತು ಹಗ್ಗ ಬಿಚ್ಚಿದವನು ಮೊಯಿದಿನಬ್ಬ. ಹಂಚು ಹೊದಿಸಲು ಫರಂಗಿಪೇಟೆಯಿಂದ ಬಂದವನು. ತನ್ನ ಚೀಲದ ಬಾರ್ ಸೋಪು ತೆಗೆದು ಗಾಯವನ್ನು ತೊಳೆದ.

"ನೋಡು ಸೇಸಮ್ಮ, ಹತ್ತಿರ ಹತ್ತಿರ ಎರಡು ಚುಕ್ಕೆ ಉಂಟಲ್ಲ? ನಡುವೆ ಕಪ್ಪು, ಸುತ್ತ ಬಿಳಿ, ಅದರಾಚೆ ಕೆಂಪು. ಹಂಚಿನ ಕಾರ್ಖಾನೆಯಲ್ಲಿ ನಾನು ಈ ಜೇಡದ ವಿಷ ಕಂಡಿದ್ದೇನೆ. ಕಟ್ಟಬಾರ್ದು, ಕೊಯ್ಯಬಾರ್ದು, ಕೈ ಅಲುಗಿಸಬಾರ್ದು. ಜ್ವರ, ವಾಂತಿ ಶುರುವಾದ್ಮೇಲೆ ಸೊಪ್ಪು ಅರೆದುಕೊಂಡು ಕೂತ್ರೆ ಆಗ್ಲಿಕ್ಕಿಲ್ಲ ಮಾರಾಯ್ತಿ. ಇವತ್ತೇ ಆಸ್ಪತ್ರೆಗೆ ಹೋಗ್ಬೇಕು. ಇಲ್ಲಾಂದ್ರೆ ಕೈ ಕೊಳೀತದೆ, ಜೀವವೂ ಹೋದೀತು."

ಬಂಟ್ವಾಳದ ಆಸ್ಪತ್ರೆ ಹನ್ನೆರಡು ಮೈಲಿ. ಊರಿಗೆ ಇದ್ದದ್ದು ಒಂದೇ ಎತ್ತಿನ ಗಾಡಿ, ಅದು ಧಣಿಗಳದು.

"ನನ್ನ ಗಾಡಿಯಲ್ಲಿ ಇವ ಮಲಗುವುದಾ?" ಧಣಿಗಳಿಗೆ ನಗು ಬಂತು. "ಪಂಡಿತರು ವಿಷ ಅಂತ ಹೇಳ್ಲಿ. ಆಮೇಲೆ ನೋಡುವ."

ಊರಿಗೆ ಮದ್ದು ಕೊಡುವ ಮಹೇಶ್ವರ ಪಂಡಿತರು ಬಂದರು. ನಿಧಾನಕ್ಕೆ ಕಾಫಿ ಕುಡಿದರು, ಬಾಯಿ ಮುಕ್ಕಳಿಸಿದರು, ಅಂಗಳಕ್ಕಿಳಿದು ತುಳಸಿಕಟ್ಟೆಯ ಬಳಿ ನಿಂತರು. ಅಲ್ಲಿಂದ ತುಕ್ರಪ್ಪನಿಗೆ ಹತ್ತು ಮಾರು. ಒಂದು ಹೆಜ್ಜೆ ಮುಂದಿಟ್ಟರೂ ಅವರಿಗೆ ಮೈಲಿಗೆ.

"ಕೈ ಎತ್ತಿ ತೋರಿಸು."

ಸೇಸಮ್ಮ ಗಂಡನ ಕೈ ಎತ್ತಿ ಹಿಡಿದಳು. ಗುಳ್ಳೆ ಒಡೆದು ರಸಿಗೆ ಅವಳ ಬೆರಳುಗಳ ಮೇಲೆ ಇಳಿಯಿತು. ಪಂಡಿತರು ಮೂಗಿಗೆ ಶಾಲು ಒತ್ತಿಕೊಂಡರು.

"ಕಜ್ಜಿ. ಮೀಯದೆ ಬಿದ್ದುಕೊಂಡ್ರೆ ಇನ್ನೇನಾಗ್ತದೆ? ಬೇವಿನ ಸೊಪ್ಪು ಅರೆದು ಹಚ್ಚು."

"ಹತ್ತಿರ ಬಂದು ನೋಡಿ ಪಂಡಿತರೇ, ಎರಡು ಚುಕ್ಕೆ ಉಂಟು! ಮುಟ್ಟಿ ನೋಡಿ, ಮೈ ಕೆಂಡದ ಹಾಗೆ ಸುಡ್ತದೆ!" ಸೇಸಮ್ಮ ಅಂಗಲಾಚಿದಳು.

"ಮುಟ್ಟುವುದಾ? ಇವನನ್ನಾ?" ಪಂಡಿತರು ಧಣಿಗಳ ಕಡೆ ತಿರುಗಿ ಹಲ್ಲು ಕಿರಿದರು.

"ಕೇಳಿತಲ್ಲ ರಂಡೆ? ಕಜ್ಜಿ! ನಾಳೆ ಇವ ಕೆಲಸಕ್ಕೆ ಬರದಿದ್ರೆ ಗುಡಿಸಲು ಕಿತ್ತು ಬಿಸಾಡ್ತೇನೆ!"

ಸೇಸಮ್ಮ ಗಂಡನ ಕೈಯನ್ನು ಮೆಲ್ಲನೆ ಕೆಳಗಿಟ್ಟಳು. ಕೊಳೆತದ್ದು ಗಂಡನ ಕೈಯೋ, ಈ ಜಗಲಿಯೋ? ಅವಳು ಎದ್ದಳು. ಅಂಗಳ ದಾಟಿದಳು. ಯಾರಿಗೂ ಏನಾಗುತ್ತಿದೆ ಎಂದು ತಿಳಿಯುವ ಮೊದಲೇ ಪಂಡಿತರ ಮಣಿಕಟ್ಟು ಅವಳ ಮುಷ್ಟಿಯಲ್ಲಿತ್ತು. ಹಂಚು ಹೊತ್ತು ಗಟ್ಟಿಯಾದ ಕೈ ಅದು. ಹತ್ತು ಮಾರು ದರದರ ಎಳೆದು ತಂದು, ಅವರ ಅಂಗೈಯನ್ನು ಗಂಡನ ಗಾಯದ ಪಕ್ಕ ಒತ್ತಿ ಹಿಡಿದಳು.

"ಈಗ ಹೇಳಿ. ಎಂತ ಇದು?"

"ಬಿಡಿಸ್ರೋ! ಬಿಡಿಸ್ರೋ ಅವಳನ್ನು!" ಧಣಿಗಳು ಕಿರುಚಿದರು.

ಯಾರು ಬಿಡಿಸುವುದು? ಬಿಡಿಸಬೇಕಾದರೆ ಅವಳನ್ನು ಮುಟ್ಟಬೇಕು. ಧಣಿಗಳೇ ಎರಡು ಮೆಟ್ಟಿಲು ಇಳಿದು ಅಲ್ಲೇ ನಿಂತುಬಿಟ್ಟರು. ಆಳುಗಳು ಹೊರೆ ಇಳಿಸಿ ಕೈಕಟ್ಟಿಕೊಂಡರು. ಕೆಲಸಕ್ಕೆಂದು ಮತ್ತೆ ಮಾಡು ಹತ್ತಿದ್ದ ಮೊಯಿದಿನಬ್ಬ ಅಲ್ಲೇ ಕೂತು ಬೀಡಿ ಹಚ್ಚಿದ.

"ವಿಷ... ವಿಷವೇ," ಪಂಡಿತರು ಕೈ ಕೊಸರಿದರು. "ಕೈ ಬಿಡು ಮಾರಾಯ್ತಿ!"

"ಬಿಡ್ತೇನೆ." ಸೇಸಮ್ಮ ಹಿಡಿತ ಇನ್ನಷ್ಟು ಬಿಗಿ ಮಾಡಿದಳು. "ಆಸ್ಪತ್ರೆಯ ಬಾಗಿಲಲ್ಲಿ ಬಿಡ್ತೇನೆ. ಧಣಿ, ಎತ್ತು ಕಟ್ಟಿಸಿ."