ಜೂರಾಕಾನಳ ಬಿಡುವಿಲ್ಲದ ಕೈಗಳು

ಜೂರಾಕಾನಳ ಬರಿಗೈಯನ್ನು ಯಾಕೂತ್ಸ್ಕ್ ನಗರದ ನಮ್ಮ ಮರದ ಮನೆಯಲ್ಲಿ ಕಂಡವರಿಲ್ಲ. ತೀರಿಹೋದ ಗಂಡನ ಕಂದು ಕೋಟು ತೊಟ್ಟು, ತುಂಬಿದ ಕೊಡ ಹೊತ್ತವಳ ಹಾಗೆ ಚಿಕ್ಕಚಿಕ್ಕ ಹೆಜ್ಜೆಯಿಡುತ್ತ ಬಸ್ಸು ಹತ್ತಿ, ಸೀಟು ಸಿಕ್ಕಿತೋ ಇಲ್ಲವೋ, ಕೋಟಿನ ಕಿಸೆಯ ತೂತಿನಿಂದ ಉಣ್ಣೆಯ ಎಳೆಯೊಂದನ್ನು ಹೊರಗೆಳೆದು ತೊಡೆಯ ಮೇಲೆ ಹೊಸೆಯಲು ತೊಡಗುತ್ತಿದ್ದಳು. ಆ ತೂತನ್ನು ಹೊಲಿದುಕೊಳ್ಳಬಾರದೇ ಎಂದು ನಾನೊಮ್ಮೆ ಕೇಳಿದ್ದೆ. ಅದು ತೂತಲ್ಲ, ಬಾಗಿಲು ಎಂದಿದ್ದಳು. ಯಾವ ಕೆಲಸ ಮುಗಿದರೂ ಅವಳ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು: "ಆಯ್ತು, ಮುಂದೇನು?" ಸಾರು ಕುದಿದರೂ ಅದೇ, ಹಬ್ಬ ಮುಗಿದರೂ ಅದೇ.

ಕಿರ್ಗಿಜ್ ಬೆಟ್ಟಗಳನ್ನು ಬಿಟ್ಟು ಈ ಹಿಮದ ಊರಿಗೆ ದುಡಿಯಲು ಬಂದ ನಾವು ಆರು ಮಂದಿ ಆ ಮನೆಯಲ್ಲಿದ್ದೆವು. ಏಳು ತಿಂಗಳ ಚಳಿಗಾಲ. ಮಧ್ಯಾಹ್ನ ಮೂರಕ್ಕೆಲ್ಲ ಮುಳುಗುವ ಸೂರ್ಯ. ಕಿಟಕಿಯಾಚೆ ಎದುರುಮನೆಯನ್ನೇ ನುಂಗಿಹಾಕುವ ಮಂಜು. ಇಂಥ ಕಾಲದಲ್ಲಿ ಮನುಷ್ಯ ಏನಾದರೊಂದು ಹಚ್ಚಿಕೊಳ್ಳದಿದ್ದರೆ ಹುಚ್ಚು ಹಿಡಿಯುತ್ತದೆ. ಗಂಡಸರು ಇಸ್ಪೀಟು ಹಚ್ಚಿಕೊಂಡರು, ನಾನು ಊರಿನವರೊಡನೆ ಫೋನಿನಲ್ಲಿ ಜಗಳ ಹಚ್ಚಿಕೊಂಡೆ. ಜೂರಾಕಾನ್ ಹಗಲು ಕ್ಯಾಂಟೀನಿನಲ್ಲಿ ಪಾತ್ರೆ ತಿಕ್ಕಿ, ಸಂಜೆ ಶಿರ್ದಾಕ್ ಹೊಲಿಯುತ್ತಿದ್ದಳು. ದಪ್ಪ ಉಣ್ಣೆಯ ಆ ಹಾಸಿನ ಕೆಂಪು–ಕಪ್ಪು ಟಗರುಕೊಂಬಿನ ಚಿತ್ತಾರವನ್ನು ನರೀನ್ ಕಡೆಯ ಹಳ್ಳಿಯಲ್ಲಿದ್ದ ಅವಳ ತಾಯಿಯೇ ನಡುಗುವ ಕೈಯಿಂದ ಕತ್ತರಿಸಿ, ಶರತ್ಕಾಲದಲ್ಲಿ ಚೀಲಕ್ಕೆ ತುಂಬಿ ಕಳಿಸಿದ್ದಳು. ಯಾರಿಗೆ ಇದು ಎಂದರೆ, ಅವ್ವ ಕೇಳಿದ್ದಾಳೆ ಎಂಬಷ್ಟೇ ಉತ್ತರ. ನಮ್ಮ ಅಕ್ಕನಿಗೆ ಸೂಜಿಯೇ ಎರಡನೆಯ ಗಂಡ ಎಂದು ನಾವು ಆಡಿಕೊಳ್ಳುತ್ತಿದ್ದೆವು. ಮೊದಲನೆಯವನಿಗಿಂತ ಇವನೇ ಚುರುಕು ಎಂದು ಅವಳು ನಗದೆ ಒಪ್ಪಿಕೊಳ್ಳುತ್ತಿದ್ದಳು.

ಜನವರಿಯ ಒಂದು ಮಂಗಳವಾರ ಬೆಳಿಗ್ಗೆ ಅವಳ ತಾಯಿ ತೀರಿಕೊಂಡಳು. ಸುದ್ದಿ ಬಂದದ್ದು ಅವಳಿಗಲ್ಲ, ಅಪ್ಪನೆಂಬಂತೆ ನಾವೆಲ್ಲ ಆತಾ ಎಂದು ಕರೆಯುತ್ತಿದ್ದ ಮನೆಯ ಹಿರಿಯ ಸಾದಿರನ ಫೋನಿಗೆ. ದೂರದಲ್ಲಿರುವ ಮಗಳ ಕಿವಿಗೆ ಸಾವನ್ನು ಹಾಗೆ ಹಸಿಹಸಿಯಾಗಿ ಸುರಿಯುವುದು ನಮ್ಮಲ್ಲಿಲ್ಲ. ಹಿರಿಯರು ತಲೆಗೆ ಟೋಪಿಯಿಟ್ಟು, ಹಗಲು ಹೊತ್ತಿನಲ್ಲಿ ಬಂದು, ಅವಳನ್ನು ಕೂರಿಸಿ, ಇಬ್ಬರು ಹೆಂಗಸರನ್ನು ಅಕ್ಕಪಕ್ಕ ಇರಿಸಿ, ಹರಿವ ನದಿ, ಕುಸಿವ ಬೆಟ್ಟ ಎಂದು ಸುತ್ತಿ ಬಳಸಿ ಹೇಳಬೇಕು. ಊರಿನಲ್ಲಿದ್ದ ಅವಳ ಅಣ್ಣಂದಿರು ಶುಕ್ರವಾರ ಮಧ್ಯಾಹ್ನದವರೆಗೆ ಮಣ್ಣು ಮಾಡದೆ ಕಾಯುವುದಾಗಿ ಹೇಳಿದ್ದರು. ಇತ್ತ ಆ ವಾರಕ್ಕಿದ್ದುದು ಒಂದೇ ವಿಮಾನ, ಗುರುವಾರ ಮಧ್ಯಾಹ್ನದ್ದು. ಅದು ತಪ್ಪಿದರೆ ತಾಯಿಯ ಮುಖ ತಪ್ಪಿದಂತೆ.

ಮಂಗಳವಾರ ಮಧ್ಯಾಹ್ನ ಅವಳು ಕ್ಯಾಂಟೀನಿನಿಂದ ಬಂದೊಡನೆಯೇ ಆತಾ ಟೋಪಿಯಿಟ್ಟು ಅವಳ ಮುಂದೆ ಕೂತ. ನಾನೂ ಇನ್ನೊಬ್ಬಳೂ ಅವಳ ಎರಡು ಪಕ್ಕಕ್ಕೆ ಸರಿದೆವು. ಆತಾ ಗಂಟಲು ಸರಿಮಾಡಿಕೊಂಡು, "ಮಗಳೇ, ಎಂಥಾ ದೊಡ್ಡ ನದಿಯಾದ್ರೂ ಒಂದಿನ..." ಎಂದು ಶುರುಮಾಡಿದ.

"ನದಿ ಹೆಪ್ಪುಗಟ್ಟಿ ಮೂರು ತಿಂಗಳಾಯ್ತು ಆತಾ. ಅದೆಲ್ಲಿಗೂ ಹೋಗಲ್ಲ. ಕೈ ಚಾಚಿ" ಎಂದವಳೇ ಜೂರಾಕಾನ್ ನೂಲಿನ ಲಡಿಯೊಂದನ್ನು ಅವನ ಎರಡೂ ಕೈಗೆ ತೊಡಿಸಿ ಉಂಡೆ ಸುತ್ತತೊಡಗಿದಳು. ಎಪ್ಪತ್ತು ದಾಟಿದ ಗಂಡಸು, ಎರಡು ಕೈಯಲ್ಲೂ ನೂಲು ಹಿಡಿದು, ಸಾವಿನ ಮಾತನ್ನು ಹೇಗೆ ಆಡಿಯಾನು? ಲಡಿ ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು. ಕತ್ತಲಾದ ಮೇಲೆ ಹೇಳುವಂತಿಲ್ಲ.

ಬುಧವಾರ ಅವಳು ಕ್ಯಾಂಟೀನಿಗೆ ಹೋಗಲಿಲ್ಲ. ಬೆಳಗಾಗುವ ಮುನ್ನವೇ ಹೊಲಿಯುತ್ತ ಕೂತಿದ್ದಳು. ಆತಾ ಬಂದ; ಹಾಸಿನ ಮೂಲೆ ಎಳೆದು ಹಿಡಿಯಲು ಹಚ್ಚಿದಳು. ನಾನು ಬಾಯಿ ತೆರೆಯಹೋದೆ. ಹಲ್ಲಿನ ನಡುವೆ ಮೂರು ಸೂಜಿ ಕಚ್ಚಿಕೊಂಡಿರಲು ಕೊಟ್ಟಳು. ನನಗೆ ಸಿಟ್ಟು ಬಂತು. ಇವಳು ಮೊದಲೇ ಊಹಿಸಿ, ಹೆದರಿ ಕೆಲಸದ ಹಿಂದೆ ಅಡಗುತ್ತಿದ್ದಾಳೆ. ಇವಳ ಹೇಡಿತನಕ್ಕೆ ಅಲ್ಲಿ ಹೆಣ ಕಾಯುತ್ತಿದೆ, ನಮ್ಮ ಸಂಪ್ರದಾಯವೋ ಕೈಕಟ್ಟಿ ಕೂತಿದೆ ಎನ್ನಿಸಿತು. ಈಗಲೇ ಹೇಳಿಬಿಡುತ್ತೇನೆ ಎಂದು ಅಡುಗೆಮನೆಯಲ್ಲಿ ಆತಾನ ಮೇಲೆ ಹರಿಹಾಯ್ದೆ. ದಾರಿಯಲ್ಲಿ ನಿಲ್ಲಿಸಿ ಹೇಳೋದಕ್ಕೆ ಅದೇನು ಈರುಳ್ಳಿ ರೇಟೇನೇ ಎಂದು ಅವನು ಗದರಿದ. ಆದರೆ ಅವನ ಕಣ್ಣೂ ಗೋಡೆಯ ಗಡಿಯಾರದ ಮೇಲಿತ್ತು.

ಗುರುವಾರ ಎಂಟು ಗಂಟೆ. ಹತ್ತಕ್ಕೆ ಮನೆ ಬಿಡದಿದ್ದರೆ ವಿಮಾನವಿಲ್ಲ. ಜೂರಾಕಾನ್ ಹಾಸಿನ ಕೊನೆಯ ಅಂಚಿನಲ್ಲಿದ್ದಳು. ಒಡೆದ ಬೆರಳ ತುದಿಗಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಎಂಟೂವರೆ. ಒಂಬತ್ತು. ಯಾರೂ ಚಹಾ ಮುಟ್ಟಲಿಲ್ಲ. ಕಡೆಗೊಮ್ಮೆ ಅವಳು ಗಂಟು ಹಾಕಿ, ಎಳೆಯನ್ನು ಹಲ್ಲಿನಿಂದ ಕಡಿದು, ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಿ, ಎರಡೂ ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡಳು. ಆ ಕೈಗಳನ್ನು ಹಾಗೆ ನೋಡಿ ನನಗೆ ಭಯವಾಯಿತು.

"ಈಗ ಹೇಳಿ ಆತಾ" ಎಂದಳು. "ನದಿಯಿಂದಲೇ ಶುರುಮಾಡಿ."

ಆತಾ ಟೋಪಿ ಸರಿಮಾಡಿಕೊಂಡು ಅವಳ ಎದುರು ಕೂತ.

"ಮಂಗಳವಾರ ನೀವು ಒಳಗೂ ಟೋಪಿ ತೆಗೀಲಿಲ್ವಲ್ಲ, ಆಗಲೇ ತಿಳೀತು. ಹೇಳಿಸಿಕೊಂಡ ಮೇಲೆ ಮಣ್ಣಾಗೋವರೆಗೆ ಸೂಜಿ ಮುಟ್ಟೋ ಹಾಗಿಲ್ಲ. ಮಣ್ಣಿಗೆ ಮುಂಚೆ ಅವ್ವನ್ನ ಮಲಗಿಸೋ ಗುಡಾರದಲ್ಲಿ ಇದನ್ನೇ ಕಟ್ಟಬೇಕು ಅಂತ ಅವ್ವ ಕೇಳಿದ್ಲು. ಅರ್ಧ ಹೊಲಿದದ್ದನ್ನ ಹೇಗೆ ಒಯ್ಯಲಿ?"

ಆಮೇಲೆ ಆತಾ ಹೇಳಿದ, ನದಿಯಿಂದ ಹಿಡಿದು ಬೆಟ್ಟದವರೆಗೆ, ಒಂದೂ ಬಿಡದೆ. ಎಲ್ಲ ಮೊದಲೇ ತಿಳಿದಿದ್ದ ಆ ಹೆಂಗಸು ಆಗಷ್ಟೇ ಕೇಳಿದವಳಂತೆ ಕೂಗಿ ಅತ್ತಳು. ನಾವಿಬ್ಬರು ಅವಳ ಭುಜ ಹಿಡಿದು ಅತ್ತೆವು. ಮಂಚದ ಕೆಳಗೆ ಚೀಲ ಕಟ್ಟಿ ಸಿದ್ಧವಿತ್ತು, ಕೋಟಿನ ಕಿಸೆಯಲ್ಲಿ ನೂಲಿನ ಉಂಡೆಯ ಪಕ್ಕ ಮಂಗಳವಾರ ರಾತ್ರಿಯೇ ಕೊಂಡಿಟ್ಟ ಟಿಕೆಟ್ಟಿತ್ತು. ಹಾಸಿನ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಅವಳು ಮಂಜಿನೊಳಕ್ಕೆ ಇಳಿದಳು. ಮುಂದೇನು ಎಂದು ಅವತ್ತು ಕೇಳಲಿಲ್ಲ.

ಪರದೇಶದ ದೀರ್ಘ ಶಿಶಿರದಲ್ಲಿ ನಾವೆಲ್ಲ ಏನನ್ನೋ ಮರೆಯಲೆಂದು ಕೈಗೆ ಕೆಲಸ ಕೊಡುತ್ತೇವೆ. ಹಾಗಾಗಿ ದುಡಿಯುವ ಕೈಗಳನ್ನೆಲ್ಲ ಓಡಿಹೋಗುವ ಕಾಲುಗಳೆಂದೇ ತಿಳಿಯುತ್ತೇವೆ. ನಾನೂ ಹಾಗೇ ತಿಳಿದು ಅವಳನ್ನು ಹೇಡಿಯೆಂದೆ. ಆ ನಾಚಿಕೆ ಇನ್ನೂ ಹೋಗಿಲ್ಲ. ಜೂರಾಕಾನಳಂಥವರು ಎಲ್ಲ ಊರಿನಲ್ಲೂ ಇರುತ್ತಾರೆ, ಹೆಚ್ಚು ಮಾತಾಡುವುದಿಲ್ಲ, ಅವರನ್ನು ಕಲ್ಲೆದೆಯವರೆಂದು ಜನ ಆಡಿಕೊಳ್ಳುತ್ತಾರೆ. ದುಃಖದ ಮನೆಗೂ ಬರಿಗೈಯಲ್ಲಿ ಹೋಗಲಾರದ ಜಾತಿ ಅವರದು.