ಅಗಲವಾದ ಅಜ್ಜಿ

ರಘುವೀರ ಕಾಕಾ ತಂದ ಹೊಸ ಟಿವಿಯಲ್ಲಿ ನಾನು ಮೊದಲು ನೋಡಿದ್ದು ಒಬ್ಬ ಅಡುಗೆಯವನ ಉಗುರು. ಅದರ ಸಂದಿಯಲ್ಲಿ ಹಿಟ್ಟು ಕಪ್ಪಾಗಿ ಕೂತಿತ್ತು. ಅದೇ ಬೆರಳಿನಿಂದ ಅವನು ಪಾಯಸಕ್ಕೆ ಕೇಸರಿ ಉದುರಿಸುತ್ತಿದ್ದ. ಅಂಗಡಿಯವನು ಟಿವಿಯ ಸೊಗಸು ತೋರಿಸಲೆಂದು ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟ ಚಿತ್ರ ಅದು. ಕಾಕಾ ಮನೆಗೆ ಬಂದವರಿಗೆಲ್ಲ ಅದನ್ನೇ ಹಚ್ಚುತ್ತಿದ್ದರು.

“ಫುಲ್ ಎಚ್‌ಡಿ ಅದ. ಸಾವಿರದ ಎಂಬತ್ತು ಗೆರಿ. ಇಡೀ ವಾಡಿಯೊಳಗ ಇನ್ನೊಬ್ಬರ ಮನ್ಯಾಗ ತೋರಸ್ರಿ ನೋಡೋಣು.”

ಇದು 2009ರ ಮಾತು. ನಮ್ಮ ವಾಡಿ ಊರಿನ ಕೇಬಲ್ಲಿಗೆ ಆ ಸಾವಿರದ ಎಂಬತ್ತರ ಸುದ್ದಿಯೇ ಮುಟ್ಟಿರಲಿಲ್ಲ. ಪೆನ್‌ಡ್ರೈವ್ ಕಿತ್ತರೆ ಸಾಕು, ಧಾರಾವಾಹಿಯ ಸೊಸೆ ಮಜ್ಜಿಗೆಯಲ್ಲಿ ಮುಳುಗಿ ಎದ್ದವಳಂತೆ ಬರುತ್ತಿದ್ದಳು. ಕಾಲೇಜಿಗೆ ಹೋಗುವ ಅವರ ಮಗ ವಿಠ್ಠಲ್ ಕಂಪ್ಯೂಟರ್ ಜೋಡಿಸಿ ಕಾರಿನ ರೇಸ್ ಆಡಿದ. ಪೂರ್ತಿ ಎಚ್‌ಡಿ ಇಟ್ಟರೆ ಕಾರು ಎತ್ತಿನ ಬಂಡಿಯ ಹಾಗೆ ತೆವಳಿತು. ಗುಟ್ಟಾಗಿ ಕಡಿಮೆ ಮಾಡಿಕೊಂಡು ಆಡಿದ, ಅಪ್ಪನ ಮುಂದೆ ಮಾತ್ರ ವಾಹ್ ವಾಹ್ ಅಂದ. ಇಷ್ಟಕ್ಕೂ ನಾವು ಕೂಡುತ್ತಿದ್ದುದು ಪಡಸಾಲೆಯ ಈ ಕೊನೆಯ ಗಾದಿಯ ಮೇಲೆ, ಟಿವಿ ಆ ಕೊನೆಯ ಗೋಡೆಗೆ. ನಡುವೆ ನೆಲಕ್ಕೆ ಹಾಸಿದ ಒಂಬತ್ತು ಶಹಾಬಾದ ಕಲ್ಲು. ಅಷ್ಟು ದೂರಕ್ಕೆ ಸಾವಿರ ಗೆರೆಯೂ ಒಂದೇ, ಐನೂರು ಗೆರೆಯೂ ಒಂದೇ. ಹತ್ತಿರ ಹೋದರೆ ಮಾತ್ರ ಆ ಉಗುರು. ಊರಿನ ಸಿಮೆಂಟ್ ಫ್ಯಾಕ್ಟರಿಯ ಧೂಳು ಕೂಡದಂತೆ ಟಿವಿಗೆ ಮಖಮಲ್ಲಿನ ಗೌಸಣಿಗೆ ಬೇರೆ ಹೊಲಿಸಿದ್ದರು. ದೇವರ ಪೆಟ್ಟಿಗೆಗೂ ನಮ್ಮಲ್ಲಿ ಅಂಥದ್ದಿರಲಿಲ್ಲ.

ಇದೆಲ್ಲ ನನಗೆ ನಗೆಯ ವಿಷಯವಾಗಿಯೇ ಉಳಿಯುತ್ತಿತ್ತು, ಅಜ್ಜಿಯ ತಿಥಿ ಬರದಿದ್ದರೆ.

ನಮ್ಮ ಅಜ್ಜಿ ಅಂಬುಬಾಯಿ ತೀರಿ ಆರು ವರ್ಷ. ಗೋಡೆಯ ಫೋಟೊದಲ್ಲಿ ಇರುವವಳು ರೇಶನ್ ಕಾರ್ಡಿಗೆಂದು ಬಿಗಿದು ಕೂತ ಅಜ್ಜಿ. ಕಥೆ ಹೇಳುವ ಅಜ್ಜಿ ಉಳಿದದ್ದು ಒಂದು ಸಿ.ಡಿ.ಯಲ್ಲಿ, ನಾಲ್ಕು ನಿಮಿಷ. 1998ರಲ್ಲಿ ಸೇಡಂನ ಒಂದು ಮದುವೆಯಲ್ಲಿ ವಿಡಿಯೊದವನು ಸುಮ್ಮನೆ ತಿರುಗಿಸಿದ ಕ್ಯಾಮೆರಾಕ್ಕೆ ಸಿಕ್ಕವಳು. ಕಾಗಿಣಾ ಹೊಳೆಯ ದಂಡೆಯ ಹಸಿದ ರಾಕ್ಷಸಿಯ ಕಥೆ ಹೇಳುತ್ತಿದ್ದಾಳೆ. ರಾಕ್ಷಸಿ ಬಾಗಿಲಿಗೆ ಬಂದು ರೊಟ್ಟಿ ಕೇಳುವಾಗ ಅಜ್ಜಿ ಎರಡೂ ಕೆನ್ನೆ ಒಳಗೆ ಎಳೆದುಕೊಳ್ಳುತ್ತಾಳೆ. ಮುಖದಲ್ಲಿ ಎರಡು ಗುಂಡಿ ಬೀಳುತ್ತವೆ. ಆ ಗುಂಡಿಗಳಲ್ಲೇ ನಾನು ಬೆಳೆದೆ. ಹಸಿವೆಂದರೆ ಏನು ಎಂದು ನನಗೆ ಗೊತ್ತಾದದ್ದು ಅಲ್ಲಿಂದ. ಪ್ರತಿ ತಿಥಿಯ ಊಟವಾದ ಮೇಲೆ ಎಲ್ಲರೂ ಕೂತು ಆ ಸಿ.ಡಿ. ನೋಡುವುದು ನಮ್ಮ ಮನೆಯ ಪದ್ಧತಿ.

ಅಣ್ಣನ ಮಗಳು ಪದ್ಮಶ್ರೀ ಅಜ್ಜಿ ಹೋದ ಮರುವರ್ಷ ಹುಟ್ಟಿದವಳು. ಹಿಂದಿನ ತಿಥಿಗಳಲ್ಲೆಲ್ಲ ನಿದ್ದೆ ಹೋಗಿದ್ದಳು. ಈ ಸಲ ಎಚ್ಚರವಾಗಿ ಕೂರುತ್ತೇನೆಂದು ಮಾತು ಕೊಟ್ಟಿದ್ದಳು. ವರ್ಷವೆಲ್ಲ ಅವಳಿಗೆ ರಾಕ್ಷಸಿಯ ಕಥೆ ಹೇಳಿದ್ದೆ, ಕೆನ್ನೆ ಎಳೆಯುವಲ್ಲಿಗೆ ಬಂದು ನಿಲ್ಲಿಸುತ್ತಿದ್ದೆ. ಅದನ್ನು ಅಜ್ಜಿಯೇ ತೋರಿಸಬೇಕು ಎನ್ನುತ್ತಿದ್ದೆ. ಅಜ್ಜಿಯ ಯಾವ ಮುಖ ಈ ಹುಡುಗಿಯಲ್ಲಿ ಉಳಿಯುತ್ತದೋ ಅದೇ ಮುಂದಕ್ಕೆ ಹೋಗುವ ಮುಖ ಎಂದು ನನಗೆ ಖಾತ್ರಿಯಿತ್ತು.

ಪಾಯಸದ ಊಟವಾಯಿತು. ಹದಿನೈದು ಜನ ಗಾದಿಯ ಮೇಲೆ ಕೂತರು. ಕಾಕಾ ಗೌಸಣಿಗೆ ತೆಗೆದು ಸಿ.ಡಿ. ಹಚ್ಚಿದರು.

ಪರದೆಯ ಈ ಅಂಚಿನಿಂದ ಆ ಅಂಚಿಗೆ ಒಂದು ಮುಖ ಹಬ್ಬಿತು. ಕುಂಬಳಕಾಯಿಯಂಥ ಮುಖ. ಮೂಗು ಚಪ್ಪಟೆ, ಕಣ್ಣಿನ ಜಾಗದಲ್ಲಿ ಚೌಕ ಚೌಕ ಕಲೆ. ಬಾಯಿ ಆಡಿದಾಗ ಗಲ್ಲದ ಚೌಕಗಳು ಹುಳುಗಳಂತೆ ಮಿಸುಕಿದವು. ಹಳೆಯ ಸಣ್ಣ ಚಿತ್ರವನ್ನು ಅಡ್ಡಕ್ಕೆ ಹಿಗ್ಗಿಸಿ ಅಷ್ಟು ದೊಡ್ಡ ಪರದೆಗೆ ಬಡಿದಿದ್ದರು.

“ಕಾಕಾ, ಆಜೂಬಾಜೂ ಖಾಲಿ ಬಿಡ್ರಿ. ಅಜ್ಜಿ ಅಗಲ ಆಗ್ಯಾಳ,” ಅಂದೆ.

“ಖಾಲಿ ಬಿಟ್ರ ಎರಡೂ ಕಡಿ ಕರೀ ಪಟ್ಟಿ ಬರ್ತಾವ. ಪಟ್ಟಿ ನೋಡ್ಲಿಕ್ಕ ತಂದೀನೇನು ಟಿವಿ?”

“ಅಕಿ ಮುಖ ಹಂಗಿರಲಿಲ್ಲ.”

“ಇದ್ದಾಗ ಎಂದೂ ಮೈ ತುಂಬಲಿಲ್ಲ, ಈಗರ ತುಂಬಲಿ ಬಿಡವಾ.”

ಎಲ್ಲರೂ ನಕ್ಕರು. ಕಾಕಾನ ಹೆಂಡತಿ ಲೀಲಾಬಾಯಿ ಕಾಕು ಕಣ್ಣೊರೆಸಿಕೊಳ್ಳುತ್ತಲೇ, ಅತ್ತಿಯವರು ಮ್ಯಾಲೆ ಸುಖದಾಗ ಅದಾರ, ಅದಕ್ಕ ದಪ್ಪ ಆಗ್ಯಾರ, ಅಂದರು. ಮತ್ತೆ ನಗೆ. ಅಷ್ಟರಲ್ಲಿ ರಾಕ್ಷಸಿ ಬಾಗಿಲಿಗೆ ಬಂದಳು. ಅಜ್ಜಿ ಕೆನ್ನೆ ಎಳೆದುಕೊಂಡಳು. ಗುಂಡಿ ಬೀಳಲಿಲ್ಲ. ಉಂಡು ತೇಗಿದವಳ ಹಾಗೆ ಒಂದು ಮುಖ ರೊಟ್ಟಿ ಬೇಡಿತು. ಪದ್ಮಶ್ರೀ ಎರಡೂ ಕೆನ್ನೆ ಉಬ್ಬಿಸಿ ಎಲ್ಲರ ಕಡೆ ತಿರುಗಿದಳು. “ಅಜ್ಜಿ ಹಿಂಗ!” ಕಾಕಾ ಅವಳ ಬೆನ್ನು ಚಪ್ಪರಿಸಿದರು.

ನನಗೆ ಆ ಉಗುರು ನೆನಪಾಯಿತು. ಎದ್ದು ಹೋಗಿ ಪಾಯಸದ ಬಾಯಿ ಮುಕ್ಕಳಿಸಿದೆ.

ಮರುದಿನ ಸಿ.ಡಿ. ತೆಗೆದುಕೊಂಡು, ಪದ್ಮಶ್ರೀಯನ್ನು ಕರೆದುಕೊಂಡು ಸ್ಟೇಷನ್ ಹತ್ತಿರದ ನಬೀಸಾಬ್ ಅಂಗಡಿಗೆ ಹೋದೆ. ಅವರು ರೇಡಿಯೊ, ಟಿವಿ ರಿಪೇರಿ ಮಾಡುವವರು. ಕಾಕಾ ಗುಜರಿಗೆ ಹಾಕಿದ ನಮ್ಮ ಹಳೆಯ ಡಬ್ಬಿ ಟಿವಿ ಅವರಲ್ಲೇ ಇತ್ತು. ಹಿಂದಿನ ದಿನ ಆದದ್ದನ್ನು ಹೇಳಿದೆ. ಅವರು ಧೂಳು ಊದುತ್ತ ಅಂದರು:

“ಕೊಡ ದೊಡ್ಡದು ತಂದ್ರ ಬಾವ್ಯಾಗ ನೀರು ಹೆಚ್ಚಾಗ್ತದೇನವಾ? ನಿಮ್ ಕಾಕಾಗ ನಾ ಹೇಳಿದ್ದೆ. ‘ನಬೀಸಾಬ್, ನಿನಗ ಹೊಟ್ಟೆಕಿಚ್ಚು’ ಅಂದ್ರು.”

ಸಿ.ಡಿ. ಹಚ್ಚಿ ಡಬ್ಬಿಯ ನೆತ್ತಿಗೆ ಒಂದು ಪೆಟ್ಟು ಕೊಟ್ಟರು. ಚಿತ್ರ ನಡುಗಿ ನಿಂತಿತು. ಬಣ್ಣ ಒಂದಿಷ್ಟು ಹಸಿರು, ಆದರೆ ಅವಳು ಅಜ್ಜಿ. ತೆಳ್ಳನೆಯ ಮುಖ, ಉದ್ದ ಮೂಗು. ರಾಕ್ಷಸಿ ಬಂದಳು. ಎರಡು ಗುಂಡಿ ಬಿದ್ದವು. ಪದ್ಮಶ್ರೀಯನ್ನು ಎತ್ತಿ ಕೌಂಟರಿನ ಮೇಲೆ ಕೂರಿಸಿದೆ.

“ಇಕಿ ಯಾರು ಅತ್ಯಾ?”

“ಅಜ್ಜಿ.”

“ಅಲ್ಲ. ಅಜ್ಜಿ ದಪ್ಪ ಅದಾಳ. ನಮ್ ಟಿವ್ಯಾಗಿನಾಕಿ ಖರೇ ಅಜ್ಜಿ. ಇದು ಹಳೀ ಟಿವಿ, ಇದಕ್ಕ ಸರಿ ಬರಂಗಿಲ್ಲ.”

ಇನ್ನೊಮ್ಮೆ ನೋಡು ಅಂದೆ. ನೋಡಿದಳು, ತಲೆ ಅಲ್ಲಾಡಿಸಿದಳು. ನಬೀಸಾಬ್ ಸಿ.ಡಿ. ತೆಗೆದು, ಅಂಗಿಗೆ ಒರೆಸಿ ನನ್ನ ಕೈಗಿಟ್ಟರು.

ಮನೆಯ ದಾರಿಯುದ್ದಕ್ಕೂ ಅವಳು ಎದುರು ಬಂದವರಿಗೆಲ್ಲ ಕೆನ್ನೆ ಉಬ್ಬಿಸಿ ತೋರಿಸುತ್ತ ನಡೆದಳು. ನನ್ನ ಬಾಯಲ್ಲಿ ಫ್ಯಾಕ್ಟರಿಯ ಧೂಳು ಗರಗರ ಅಂತಿತ್ತು. ಉಗುಳಿದೆ. ಮತ್ತೊಮ್ಮೆ ಉಗುಳಿದೆ. ಬಾಗಿಲಲ್ಲಿ ಕಾಕಾ ಗೌಸಣಿಗೆ ಝಾಡಿಸುತ್ತ ನಿಂತಿದ್ದರು. ಮುಂದಿನ ತಿಥಿಗೆ ಇದಕ್ಕಿಂತ ದೊಡ್ಡದು ಬರುತ್ತದಂತೆ, ಇನ್ನೂ ಸಾಫ್ ಕಾಣುತ್ತದಂತೆ ಅಂದರು.