ಗೂಳಪ್ಪ ಹಚ್ಚಿದ ದೀಪ

ಗೂಳಪ್ಪನ ಮೈಮೇಲೆ ಅಂಗಿ ಬಾಳುತ್ತಿರಲಿಲ್ಲ. ಹೊಸದು ಹೊಲಿಸಿ ಹಾಕಿದರೆ ಹುಣ್ಣಿಮೆಯಿಂದ ಅಮಾಸೆಯೊಳಗೆ ಜರಡಿ. ಆಸಿಡ್ಡಿನ ಒಂದು ಹನಿ ಸಿಡಿದರೆ ಸಾಕು, ಅಲ್ಲೊಂದು ತೂತು. ಹೆಂಡತಿ ಯಂಕವ್ವ ತೇಪೆ ಹಚ್ಚಿ ಹಚ್ಚಿ, ಕಡೆಗೆ ಅಂಗಿ ಯಾವುದು ತೇಪೆ ಯಾವುದು ಅವಳಿಗೇ ತಿಳಿಯದಂತಾಗುತ್ತಿತ್ತು.

"ನಿಮ್ಮ ಸಾಹೇಬಗ ಹೇಳು, ಪಗಾರದ ಬದಲಿ ಅರಿವಿ ಕೊಡು ಅಂತ" ಎಂದು ಬೈಯುತ್ತಿದ್ದಳು.

"ಅಂಗಿ ಹೋದ್ರ ಹೋಗವಲ್ದ್ಯಾಕ. ತೊಗಲು ಉಳದದಲ್ಲ" ಎಂದು ಗೂಳಪ್ಪ ಹಲ್ಲು ಕಿಸಿಯುತ್ತಿದ್ದ.

ಶಹಾಪುರದ ಕಡೆಯಿಂದ ಪುಣೆಗೆ ಬಂದ ಜೋಡಿ. ಯಂಕವ್ವ ಮನೆ ಕಟ್ಟುವ ಗೌಂಡಿಗಳ ಕೈಕೆಳಗೆ ಇಟ್ಟಂಗಿ ಹೊರುತ್ತಿದ್ದಳು. ಗೂಳಪ್ಪ ಹಡಪಸರದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಆಳು. ಅಲ್ಲಿ ಎರಕದ ಸಾಮಾನುಗಳನ್ನು ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಸಾಗಿಸಲು ಬ್ಯಾಟರಿ ಗಾಡಿಗಳಿದ್ದವು. ಡೀಸೆಲ್ ಇಲ್ಲ, ಹೊಗೆ ಇಲ್ಲ. ಮುಂಬೈಯಿಂದ ನೋಡಲು ಬಂದ ದೊಡ್ಡ ಮಂದಿಯೆಲ್ಲ ಅವುಗಳ ಮುಂದೆ ನಿಂತು ವಾಹ್ವಾ ಎಂದು ಹೋಗುತ್ತಿದ್ದರು. ಆ ಗಾಡಿಗಳು ದಿನವೆಲ್ಲ ದುಡಿದು ಸಂಜೆ ಬಂದು ನಿಲ್ಲುವ ಚಾರ್ಜಿಂಗ್ ಖೋಲಿಯತ್ತ ಮಾತ್ರ ಒಬ್ಬರೂ ಹಣಿಕಿ ಹಾಕುತ್ತಿರಲಿಲ್ಲ. ಆ ಖೋಲಿ ಗೂಳಪ್ಪನದು.

ಬ್ಯಾಟರಿಗಳ ಮುಚ್ಚಳ ತೆಗೆದು ಶುದ್ಧ ನೀರು ತುಂಬುವುದು, ತುದಿಗಳಿಗೆ ಕಟ್ಟಿದ ಬಿಳಿ ಕಿಲುಬು ಕೆರೆದು ಗ್ರೀಸು ಹಚ್ಚುವುದು, ಚಾರ್ಜರಿನ ವೈರು ಜೋಡಿಸುವುದು. ಕರೆಂಟು ಏರಿದಂತೆ ಬ್ಯಾಟರಿಯೊಳಗಿನ ನೀರು ಒಲೆ ಮೇಲಿನ ಅನ್ನದ ಹಾಗೆ ಗುಳುಗುಳು ಅನ್ನುತ್ತಿತ್ತು. ಆಗ ಏಳುವ ಗ್ಯಾಸು ಕಣ್ಣಿಗೆ ಕಾಣುವುದಲ್ಲ. ಒಂದು ಕಿಡಿ ಬಿದ್ದರೆ ಮುಗಿಯಿತು. ಅದಕ್ಕೇ ಆ ಖೋಲಿಯ ಗೋಡೆಗೆ ಗ್ಯಾಸನ್ನು ಹೊರಗೆ ಎಳೆದು ಹಾಕುವ ದೊಡ್ಡ ಫ್ಯಾನು ಕೂಡಿಸಿದ್ದರು. ಬೀಡಿ ಕಚ್ಚಿಕೊಂಡು ಬಂದವರು ಯಾರೇ ಇರಲಿ, ಗೂಳಪ್ಪ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಗಾಡಿ ಓಡಿಸುವ ಕಾಶಪ್ಪ, ಇವನ ಪಕ್ಕದ ಗುಡಿಸಲಿನವನೇ, "ಈ ಮಗ ಮಾವನ ಮನಿ ಕಾದಂಗ ಕಾಯ್ತಾನ" ಎಂದು ಚಾಷ್ಟಿ ಮಾಡುತ್ತಿದ್ದ.

ಮೇಲಿನವರು ಪ್ರಲ್ಹಾದರಾಯರು. ಧಾರವಾಡದ ಕಡೆಯವರು, ಸೂಪರ್‌ವೈಸರು. ಆ ಮರಾಠಿ ಊರಿನಲ್ಲಿ ದೊಡ್ಡ ಕುರ್ಚಿಯ ಮೇಲೆ ಕೂತು ಕನ್ನಡ ಆಡುವ ಒಬ್ಬನೇ ಮನುಷ್ಯ. "ಏನೋ ಗೂಳಪ್ಪ, ಉಂಡೇನೋ?" ಎಂದು ಅವರು ಕೇಳಿದರೆ ಗೂಳಪ್ಪನಿಗೆ ಅರ್ಧ ಹೊಟ್ಟೆ ತುಂಬುತ್ತಿತ್ತು. "ತಡಿಯೋ, ನಿನ್ನ ಕಾಯಂ ಮಾಡಸ್ತೀನಿ" ಎಂದು ಅವರು ಹೇಳುತ್ತ ಬಂದು ಎಷ್ಟೋ ದಿನವಾಗಿತ್ತು. ಇವನು ತಡೆದಿದ್ದ.

ಆ ವರ್ಷ ಮಳೆಗಾಲದಲ್ಲಿ ಇಬ್ಬರು ಬಂದು ಗೋಡೆಯ ಫ್ಯಾನು ಬಿಚ್ಚತೊಡಗಿದರು. ಗೂಳಪ್ಪ ಬಾಯಿ ಬಾಯಿ ಬಿಟ್ಟ.

"ರಾಯರ, ಇದ್ಯಾಕ್ರಿ?"

"ಸಾಹೇಬರು ಊಟಾ ಮಾಡೂ ಖೋಲಿಯೊಳಗ ಒಗ್ಗರಣಿ ಹೊಗಿ ತುಂಬತದಂತೋ. ಅಲ್ಲಿಗೆ ಹಾಕಸ್ಲಿಕ್ಕತ್ತೀವಿ. ನಿಂದಕ್ಕ ಹೊಸಾದು ಬರತದ."

"ಇಲ್ಲಿ ಗ್ಯಾಸ್ ತುಂಬತದಲ್ರಿ. ದೀಪದ ಸ್ವಿಚ್ಚೂ ಚಟಚಟ ಕಿಡಿ ಉಗುಳ್ಲಾಕತ್ತದ. ಮೂರು ಸಲ ಹೇಳೀನಿ ನಿಮಗ."

"ಬಾಗಲಾ ತಗದಿಡೋ ಮಾರಾಯಾ. ಗಾಳಿಗೇನು ಬರ, ಹಡಪಸರದಾಗ?"

ನೋಡಿ, ಸಾಹೇಬರ ಮೂಗಿಗೆ ಒಗ್ಗರಣೆ ಹೊಗೆ ತಾಗಬಾರದು, ಅದಕ್ಕೆ ಗೂಳಪ್ಪನ ಉಸಿರು ಕಿತ್ತು ಕೊಟ್ಟರು. ಹೊಸದು ಬರಲಿಲ್ಲ. ಗೂಳಪ್ಪ ಬಾಗಿಲು ಹಾರುಹೊಡೆದು ಇಟ್ಟುಕೊಂಡು ಕೆಲಸ ನಡೆಸಿದ.

ಖಂಡೇನವಮಿ ಬಂತು. ಇಡೀ ಕಾರ್ಖಾನೆಯಲ್ಲಿ ಯಂತ್ರಗಳಿಗೆ ಪೂಜೆ. ಎಲ್ಲೆಲ್ಲೂ ಊದುಬತ್ತಿ, ಕರ್ಪೂರ, ತೆಂಗಿನಕಾಯಿ. ಚಾರ್ಜಿಂಗ್ ಖೋಲಿಯಲ್ಲಿ ಮಾತ್ರ ಗೂಳಪ್ಪ ಚಾರ್ಜರಿಗೆ ಕುಂಕುಮ ಹಚ್ಚಿ ಒಂದು ಚಂಡುಹೂವು ಸಿಕ್ಕಿಸಿದ, ಅಷ್ಟೇ. ಪೂಜೆ ನೋಡಲು ಬಂದಿದ್ದ ಯಂಕವ್ವನ ಕೈಯಲ್ಲಿ ಆರತಿ ತಟ್ಟೆಯಿತ್ತು. "ದೂರ ಸರಿ! ಅಲ್ಲೇ ಬೇವಿನ ಗಿಡದ ಬುಡಕ ಬೆಳಗು. ದೇವರಿಗೆ ಕಣ್ಣವ, ಅಲ್ಲಿಂದನ ಕಾಣತದ" ಎಂದು ಗದರಿಸಿ ಕಳಿಸಿದ.

ಮರುದಿನ ದಸರೆ, ರಜೆ. ರಜೆ ಮುಗಿದೊಡನೆ ಗಾಡಿಗಳು ಓಡಬೇಕೆಂದು ರಾಯರು ಪೂಜೆಯ ಸಂಜೆಯೇ ಎಲ್ಲ ಬ್ಯಾಟರಿ ಚಾರ್ಜಿಗೆ ಹಾಕಿಸಿದರು. ಬ್ಯಾಟರಿಯೊಳಗಿನ ಸೀಸ ಕಳುವಾಗುತ್ತದೆಂದು ವಾಚ್‌ಮನ್ನನಿಗೆ ಹೇಳಿ ಬಾಗಿಲಿಗೆ ಬೀಗ ಜಡಿಸಿದರು. ಕಿಟಕಿಗಳನ್ನೂ ಮುಚ್ಚಿಸಿದರು. ಹಬ್ಬದ ದಿನವಿಡೀ ಆ ಮುಚ್ಚಿದ ಖೋಲಿಯೊಳಗೆ ಬ್ಯಾಟರಿಗಳು ಕುದಿದವು.

ರಜೆ ಮುಗಿದ ಬೆಳಿಗ್ಗೆ ಗೂಳಪ್ಪ ಬೀಗ ತೆಗೆದ. ಒಳಗಿನಿಂದ ಬಂದ ಆಸಿಡ್ಡಿನ ಘಾಟಿಗೆ ಕೆಮ್ಮು ಹತ್ತಿತು. ಹಿಂದೆ ಪ್ರಲ್ಹಾದರಾಯರು ಗಡಿಯಾರ ನೋಡುತ್ತ ನಿಂತಿದ್ದರು.

"ಸ್ವಲ್ಪ ಗಾಳಿ ಆಡ್ಲಿರಿ ರಾಯರ."

"ಗಾಳಿ ಗೀಳಿ ಅನಬ್ಯಾಡ. ಗಾಡಿ ನಿಂತಾವ, ಸಾಹೇಬರು ಬೊಬ್ಬಿ ಹೊಡೀಲಿಕ್ಕತ್ತಾರ. ದೀಪಾ ಹಚ್ಚು, ಲಗೂನ ಗಾಡಿ ತಗಿ."

ಗೂಳಪ್ಪ ಗೋಡೆಯ ಸ್ವಿಚ್ಚು ಒತ್ತಿದ. ಚಟ್ ಅಂದದ್ದಷ್ಟೇ ಅವನಿಗೆ ಕೇಳಿಸಿದ್ದು. ಆಮೇಲಿನ ಧಡಲ್ ಎಂಬ ಸದ್ದನ್ನು ಹಡಪಸರವೆಲ್ಲ ಕೇಳಿತು. ಆಸಿಡ್ಡು ಮುಖಕ್ಕೆ ರಾಚಿ ಎಡಗಣ್ಣು ಹೋಯಿತು. ಎರಡೂ ಕಿವಿ ಕಿವುಡಾದವು. ಬಾಗಿಲಾಚೆ ಇದ್ದ ರಾಯರ ಧೋತರಕ್ಕೆ ನಾಲ್ಕು ತೂತು ಬಿದ್ದವು.

ಸರಕಾರಿ ದವಾಖಾನೆಯ ವರಾಂಡದಲ್ಲಿ ಗೂಳಪ್ಪ ನೆಲದ ಮೇಲೆ ಮಲಗಿದ್ದಾಗ ರಾಯರು ಮೋಸಂಬಿ ಹಿಡಿದುಕೊಂಡು ಬಂದರು. ಯಂಕವ್ವನ ಪಕ್ಕದಲ್ಲಿ ಕೆಳಗೇ ಕೂತರು. ಅಷ್ಟು ದೊಡ್ಡ ಮನುಷ್ಯ ನೆಲಕ್ಕೆ ಕೂತದ್ದು ಕಂಡು ಅವಳಿಗೆ ಅಳು ಒತ್ತಿ ಬಂತು.

"ಅಳಬ್ಯಾಡವಾ ತಂಗಿ. ನಾ ಇದ್ದೀನಲ್ಲ. ನಮ್ಮವರಿಗೆ ನಾವು ಆಗದಿದ್ರ ಈ ಪರಮುಲಕಿನಾಗ ಯಾರು ಆಗಬೇಕು?" ಎಂದು ರಾಯರು ದನಿ ತಗ್ಗಿಸಿದರು. "ಇದು ಹೆಂಗಾತು, ಯಾರ ತಪ್ಪು ಅಂತ ಚೌಕಶಿ ನಡೀತದ. ನಿನ್ನ ಗಂಡ ನನ್ನ ಹೆಸರು ಮಾತ್ರ ತಗೀಬಾರದು. ನನ್ನ ಹೆಸರು ಬಂತಂದ್ರ ನಾನೂ ಹೊರಗ. ಆಮ್ಯಾಲ ನಿಮ್ಮ ಪರವಾಗಿ ಯಾರು ಮಾತಾಡ್ತಾರ? ಫ್ಯಾನಿನ ಸುದ್ದಿ ನಾನ ಎತ್ತತೀನಿ. ಕಂಪನಿದ ತಪ್ಪು ಅಂತ ಬರಸ್ತೀನಿ. ಕೆಲಸಾನೂ ಉಳೀತದ, ಕಣ್ಣಿಗೆ ಔಷಧಾನೂ ಕಂಪನೀನ ಮಾಡಸ್ತದ."

"ಅವರು ಮರಾಠಿಯಾಗ ಕೇಳ್ತಾರಲ್ರಿ."

"ಕೇಳವಲ್ರ್ಯಾಕ. ಅವ ಕನ್ನಡದಾಗ ಹೇಳ್ಲಿ. ಮರಾಠಿಯಾಗ ಹೋದ್ರ ಒಂದಕ್ಕೊಂದು ಆಡಿ ಸಿಕ್ಕೊಂತಾನ. ಅವ ಹೇಳಿದ್ದು ನಾ ಚೊಲೋ ಮಾಡಿ ಮರಾಠಿಯಾಗ ಇಡತೀನಿ."

ಇವರು ಒಪ್ಪಿದರು. ಒಪ್ಪದೆ ಏನು ಮಾಡಿಯಾರು? ಗುತ್ತಿಗೆ ಆಳು ನಮ್ಮವನಲ್ಲ ಎಂದು ಯೂನಿಯನ್ನಿನವರು ಮೊದಲೇ ಕೈ ತೊಳೆದುಕೊಂಡಿದ್ದರು. ಊರ ಮಾತು ಆಡುವ ಒಬ್ಬ ಮನುಷ್ಯ ಕೈ ಹಿಡಿಯುತ್ತೇನೆಂದರೆ ಆ ಕೈಯನ್ನು ತಿರುಗಿಸಿ ನೋಡುವವರು ಯಾರು? ಯಂಕವ್ವ ಗಂಡನ ಕಿವಿಗೆ ಬಾಯಿ ಹಚ್ಚಿ ಕೂಗಿ ಕೂಗಿ ಎಲ್ಲವನ್ನೂ ಮುಟ್ಟಿಸಿದಳು. ಗೂಳಪ್ಪ ಹೇಳಿದ, "ಆತು. ಅವರಿಗೂ ಮಕ್ಕಳು ಮರಿ ಅವ. ಹೆಸರು ತಗಿಯಂಗಿಲ್ಲ."

ಚೌಕಶಿ ಕಾರ್ಖಾನೆಯ ಆಫೀಸಿನಲ್ಲಿ ನಡೆಯಿತು. ಚೌಕಶಿ ಸಾಹೇಬ ಮರಾಠಿಯವನು, ಕನ್ನಡದ ಗಂಧವಿಲ್ಲ. ಹೆಂಡತಿಯ ಮಾತು ನಡೆಯುವುದಿಲ್ಲ, ಅವಳು ಪ್ರಶ್ನೆಯನ್ನು ಅವನ ಕಿವಿಗೆ ಮುಟ್ಟಿಸಿದರೆ ಸಾಕು, ಉತ್ತರವನ್ನು ಸೂಪರ್‌ವೈಸರ್ ತಿಳಿಸಲಿ ಎಂದ. ಪ್ರಲ್ಹಾದರಾಯರು ಇಸ್ತ್ರಿ ಅಂಗಿ ಹಾಕಿಕೊಂಡು ಗೂಳಪ್ಪನ ಹೆಗಲ ಮೇಲೆ ಕೈ ಇಟ್ಟು ನಿಂತಿದ್ದರು.

"ಆ ದಿನ ಏನು ಮಾಡಿದೆ?" ಎಂದು ಸಾಹೇಬ ಮರಾಠಿಯಲ್ಲಿ ಕೇಳಿದ. ಯಂಕವ್ವ ಗಂಡನ ಬಲಗಿವಿಗೆ ಕೂಗಿದಳು.

ಕಿವುಡರ ದನಿ ದೊಡ್ಡದು. ಗೂಳಪ್ಪ ಗೋಡೆ ನಡುಗುವಂತೆ ಹೇಳಿದ, "ಬಾಗಲಾ ತಗದೆ. ದೀಪಾ ಹಚ್ಚಿದೆ. ಧಡಲ್ ಅಂತು."

"ಯಾರಾದರೂ ಹೇಳಿದ್ದರೇ, ನೀನೇ ಮಾಡಿದೆಯೋ?"

ಯಂಕವ್ವ ಕೂಗಿದಳು. ಗೂಳಪ್ಪ ಉಳಿದ ಒಂದು ಕಣ್ಣಿನಿಂದ ರಾಯರನ್ನು ನೋಡಿದ. ಕೊಟ್ಟ ಮಾತು ಕೊಟ್ಟದ್ದೇ.

"ಯಾರೂ ಹೇಳಿಲ್ಲ. ನಾನ ಹಚ್ಚಿದೆ."

ನಮ್ಮ ಕಡೆ ಸ್ವಿಚ್ಚು ಒತ್ತಿದರೂ ದೀಪ ಹಚ್ಚಿದ್ದೇ, ಬತ್ತಿ ಹೊಸೆದು ಎಣ್ಣೆ ಹಾಕಿದರೂ ದೀಪ ಹಚ್ಚಿದ್ದೇ. ಮರಾಠಿಯಲ್ಲೂ ಹಾಗೆಯೇ, ಎರಡಕ್ಕೂ ದಿವಾ ಲಾವಲಾ ಅನ್ನುತ್ತಾರೆ. ರಾಯರು ಅಷ್ಟು ಹೇಳಿ ಬಿಟ್ಟಿದ್ದರೆ ಸಾಹೇಬ ಯಾವ ದೀಪವೆಂದು ಕೇಳುತ್ತಿದ್ದನೋ ಏನೋ. ರಾಯರು ಗಂಟಲು ಸರಿಮಾಡಿಕೊಂಡು ಮುಂದೆ ಒಂದು ಮಾತು ಸೇರಿಸಿದರು.

"ದೇವಾಪುಢೇ ದಿವಾ ಲಾವಲಾ" ಎಂದರು. ದೇವರ ಮುಂದೆ ದೀಪ ಹಚ್ಚಿದನಂತೆ.

ಆ ಮಾತು ಯಂಕವ್ವನ ಕಿವಿಗೂ ಬಿತ್ತು. ಇಟ್ಟಂಗಿ ಹೊತ್ತು ಹೊತ್ತು ಗೌಂಡಿಗಳ ಬಾಯಿಂದ ಕಲಿತ ಮರಾಠಿ ಅವಳದು. ತಪ್ಪು ಕೇಳಿಸಿಕೊಳ್ಳುವ ಕಿವಿಯಲ್ಲ.

"ಖೋಟಂ ಆಹೇ ಸಾಹೇಬ!" ಎಂದು ಎದ್ದಳು. ಸುಳ್ಳು, ದೇವರ ಮುಂದಿನ ದೀಪವಲ್ಲ, ಕರೆಂಟಿನ ದೀಪ ಎಂದು ಮರಾಠಿಯಲ್ಲಿ ಕೂಗಿದಳು. ಫ್ಯಾನು ಕಿತ್ತದ್ದು, ಬಾಗಿಲಿಗೆ ಬೀಗ ಜಡಿಸಿದ್ದು, ಹಚ್ಚು ಎಂದು ಅವಸರ ಮಾಡಿದ್ದು ಇದೇ ರಾಯರು ಎಂದು ಬೆರಳು ಮಾಡಿ ತೋರಿಸಿದಳು.

ಸಾಹೇಬ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಯಂತ್ರಕ್ಕೆ ಹೂವು ಇತ್ತೇ?"

"ಇತ್ತು."

"ಕುಂಕುಮ?"

"ಇತ್ತು. ಆದರ ದೀಪ..."

"ಹೂವು, ಕುಂಕುಮ ಇದ್ದು ದೀಪ ಇರಲಿಲ್ಲ ಅಂದರೆ ಯಾರು ನಂಬುತ್ತಾರಮ್ಮಾ? ಇನ್ನು, ಸೂಪರ್‌ವೈಸರ್ ಹೇಳಿದ್ದರೆ ನಿನ್ನ ಗಂಡ ಯಾಕೆ ಹೇಳಲಿಲ್ಲ? ನಾನು ಕೇಳಿದೆನಲ್ಲ. ನೀನೇ ಅವನ ಕಿವಿಗೆ ಕೂಗಿದೆಯಲ್ಲ."

 ಯಂಕವ್ವನ ಹತ್ತಿರ ಉತ್ತರವೇನೋ ಇತ್ತು, ಮೋಸಂಬಿ ಹಿಡಿದು ಬಂದು ನೆಲಕ್ಕೆ ಕೂತು ಬಾಯಿ ಮುಚ್ಚಿಸಿ ಹೋದರು ಎಂಬ ಉತ್ತರ. ಅದನ್ನು ಆ ಮೇಜಿನ ಮುಂದೆ ಯಾರು ಕೊಳ್ಳುತ್ತಾರೆ? ಅವಳು ರಾಯರ ಮುಖ ನೋಡಿದಳು. ರಾಯರು ಕಿಟಕಿಯಾಚೆ ನೋಡುತ್ತಿದ್ದರು.

ಗೂಳಪ್ಪನಿಗೆ ಇದೊಂದೂ ಕೇಳಿಸಿರಲಿಲ್ಲ. ಹೆಂಡತಿ ಎದ್ದು ಕೈ ಬೀಸುವುದು ಕಂಡಿತು, ಫ್ಯಾನಿನ ಸುದ್ದಿ ಬಂದಿದೆ, ಕೆಲಸ ಆಯಿತು ಅಂದುಕೊಂಡ. ಹೊರಡುವಾಗ ಅವನು ಬಾಗಿ ಪ್ರಲ್ಹಾದರಾಯರಿಗೆ ಎರಡೂ ಕೈ ಮುಗಿದ.

"ನಿಮ್ಮ ಉಪಕಾರ ಮರಿಯಂಗಿಲ್ರಿ ರಾಯರ" ಎಂದ.

ರಾಯರು ಆ ನಮಸ್ಕಾರವನ್ನು ತೆಗೆದುಕೊಂಡರು. ಥೂ, ತೆಗೆದುಕೊಂಡರು ಕಣ್ರೀ! ಹೆಗಲು ತಟ್ಟಿ ಕಳಿಸಿದರು.

ಹಾಗೆ ಕೈ ಮುಗಿದು ಬಂದ ಗಂಡನಿಗೆ ನಿಜ ಹೇಳಲು ಯಂಕವ್ವನಿಗೆ ಮನಸ್ಸಾಗಲಿಲ್ಲ. ಒಂದು ವಾರಕ್ಕೆ ಕಂಪನಿಯ ತೀರ್ಮಾನ ಬಂತು: ಬೆಂಕಿ ತರಬಾರದ ಜಾಗಕ್ಕೆ ಬೆಂಕಿ ತಂದವನು ಗೂಳಪ್ಪ, ತಪ್ಪು ಅವನದೇ, ಕೆಲಸವಿಲ್ಲ, ಔಷಧವಿಲ್ಲ. ಬೀಡಿಯವರನ್ನು ಹೊಸ್ತಿಲಲ್ಲೇ ತಡೆದವನ ಹಣೆಗೆ ಬೆಂಕಿ ತಂದವನೆಂದು ಬರೆದರು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಯಂಕವ್ವ ಗುಡಿಸಲ ಮುಂದೆ ಅವನ ಕಿವಿಗೆ ಬಾಯಿ ಹಚ್ಚಿದಳು.

ಕಿವುಡನಿಗೆ ಗುಟ್ಟಾಗಿ ಏನು ಹೇಳಲಾದೀತು? ಅವಳು ಒಂದೊಂದೇ ಮಾತನ್ನು ಗಂಟಲು ಹರಿಯುವಂತೆ ಕೂಗಿದಳು. ಫ್ಯಾನು ಕೂಗಿದಳು, ಬೀಗ ಕೂಗಿದಳು, ಮೋಸಂಬಿ ಕೂಗಿದಳು, ದೇವಾಪುಢೇ ಎಂದು ಕೂಗಿದಳು. ನೀರಿಗೆ ಹೊರಟವರು ಕೊಡ ಇಳಿಸಿ ನಿಂತರು. ಒಲೆ ಮುಂದೆ ಇದ್ದವರು ಎದ್ದು ಬಂದರು. ಮರಾಠಿಯವರಿಗೆ ಕನ್ನಡದವರು ತಿಳಿಸಿ ಹೇಳಿದರು, ಇದ್ದದ್ದನ್ನು ಇದ್ದ ಹಾಗೆ.

ಗೂಳಪ್ಪ ನಂಬಲಿಲ್ಲ. "ರಾಯರು? ಏ, ಇರಲಿಕ್ಕಿಲ್ಲ ಬಿಡು. ನೀ ತಪ್ಪು ಕೇಳೀದಿ" ಎಂದ. ಅವಳು ಅವನ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡಳು. ಅವನು ಅವಳ ಕಣ್ಣು ನೋಡಿದ. ತಾನು ಮುಗಿದ ಎರಡು ಕೈಗಳನ್ನು ತೊಡೆಯ ಮೇಲೆ ಹಾಕಿಕೊಂಡು ಅವನ್ನೇ ನೋಡುತ್ತ ಕೂತ.

ಕಾಶಪ್ಪ ಅಲ್ಲೇ ನಿಂತಿದ್ದ. ಅವನ ಮುಖ ಸಪ್ಪಗಾಗಿತ್ತು.

"ಯಂಕಕ್ಕ, ನಾಳಿಂದ ಆ ಖೋಲಿ ನನಗ ಹಚ್ಚ್ಯಾರ."

"ಫ್ಯಾನ್ ಕೂಡ್ಸ್ಯಾರೇನು?"

"ಇಲ್ಲ. ಹೊಸಾದು ಬರತದ ಅಂದಾರ, ರಾಯರು."

"ಮತ್ತ ನೀ ಏನಂದಿ?"

"ಹೂಂ ಅಂದೀನಿ" ಎಂದು ಕಾಶಪ್ಪ ತಲೆ ತಗ್ಗಿಸಿದ.

ಮರುದಿನ ಬೆಳಿಗ್ಗೆ ಯಂಕವ್ವ ಇಟ್ಟಂಗಿ ಹೊರಲು ಹೋಗಲಿಲ್ಲ. ಗಂಡನ ಕೈ ಹಿಡಿದುಕೊಂಡು ಕಾರ್ಖಾನೆಯ ಗೇಟಿಗೆ ಹೋಗಿ, ಒಳಗೆ ಹೋಗುವ ಹಾದಿಯ ನಡುವೆ ಅವನನ್ನು ಕೂಡಿಸಿ ತಾನೂ ಕೂತಳು. ಪಾಳಿಗೆ ಬಂದ ಮಂದಿ ಗೂಳಪ್ಪನ ಸುಟ್ಟ ಮುಖ ನೋಡಿ ನಿಲ್ಲತೊಡಗಿದರು. ಗುತ್ತಿಗೆಯವರು ನಿಂತರು. ಅವರನ್ನು ನೋಡಿ ಕಾಯಂ ಮಂದಿಯೂ ನಿಂತರು. ಅವಳು ಬಂದವರಿಗೆಲ್ಲ ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದಳು, "ಸಾಹೇಬರ ಊಟದ ಖೋಲಿಯಲ್ಲಿ ತಿರುಗುವ ಫ್ಯಾನು ಯಾರದು?"

ಕಾಶಪ್ಪ ಬಂದ. ಒಂದು ಗಳಿಗೆ ನಿಂತ. ಆಮೇಲೆ ಗೂಳಪ್ಪನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

ಸುದ್ದಿ ಒಳಗೆ ಮುಟ್ಟಿ ಪ್ರಲ್ಹಾದರಾಯರು ಗೇಟಿಗೆ ಓಡಿ ಬಂದರು. ಮಂದಿಯನ್ನು ನೋಡಿ ಹೆಜ್ಜೆ ನಿಧಾನ ಮಾಡಿದರು. ಯಂಕವ್ವನ ಹತ್ತಿರ ಬಾಗಿ, ದವಾಖಾನೆಯಲ್ಲಿ ಆಡಿದ ಅದೇ ಮೆತ್ತನೆಯ ದನಿಯಲ್ಲಿ ಕನ್ನಡದಲ್ಲಿ ಹೇಳಿದರು.

"ಹಿಂಗೇನವಾ ತಂಗಿ ಇದು? ಮಂದಿ ಮುಂದ ಚಂದ ಅಲ್ಲ. ಈ ಕಡೆ ಬಾ. ನಾವು ನಾವು ಕೂತು ಮಾತಾಡಿ ಬಗೀಹರಿಸೋಣು."

ಯಂಕವ್ವ ಏಳಲಿಲ್ಲ. ಕೂತಲ್ಲಿಂದಲೇ ತಲೆ ಎತ್ತಿ, ಕಿವುಡ ಗಂಡನಿಗೆ ಕೂಗಿ ಕೂಗಿ ಹರಿತವಾಗಿದ್ದ ದನಿಯಲ್ಲಿ ಕೂಗಿದಳು.

"ಮರಾಠೀತ ಬೋಲಾ! ಸಗಳ್ಯಾಂನಾ ಐಕೂ ದ್ಯಾ!" ಮರಾಠಿಯಲ್ಲಿ ಹೇಳಿ, ಎಲ್ಲರೂ ಕೇಳಲಿ.

ರಾಯರು ಬಾಯಿ ತೆರೆದರು. ಕನ್ನಡವೂ ಬರಲಿಲ್ಲ, ಮರಾಠಿಯೂ ಬರಲಿಲ್ಲ.

"ಬೋಲಾ!" ಎಂದ ಕಾಶಪ್ಪ.

"ಬೋಲಾ, ಬೋಲಾ!" ಎಂದು ಹಿಂದಿನಿಂದ ಮಂದಿ ಕೂಗಿತು.

ಪಾಳಿ ಸುರುವಾಯಿತೆಂದು ಕಾರ್ಖಾನೆಯ ಭೋಂಗಾ ಕೂಗಿತು. ಒಬ್ಬರೂ ಒಳಗೆ ಹೋಗಲಿಲ್ಲ.